ಯಾರ ಪಿಕಪ್ ಸಿಗುತ್ತೆ?

ಮಲೆನಾಡಿನ ಕಡೆ ಮದುವೆ ನಿಶ್ಚಯವಾದರೆ ಪುರೋಹಿತರಿಗೆ ಹೇಳುವ ಮುಂಚೆ ಪಿಕಪ್ಪಿಗೆ ಹೇಳಿಡುತ್ತಾರೆ. ಪುರೋಹಿತರಾದರೆ ಒಂದೇ ದಿನ ತೀರ್ಥಹಳ್ಳಿಯದೊಂದು, ಕೊಪ್ಪದ್ದೊಂದು ಹೇಗೋ ಸುಧಾರಿಸಿಯಾರು. ಪಿಕಪ್ಪಿಗೆ ಆ ಅನುಕೂಲವಿಲ್ಲ. ಶಾಮಿಯಾನದ ಕಂಬ, ಬಾಡಿಗೆ ಕುರ್ಚಿ, ಒಬ್ಬ ಆಳು ಕೂತು ಸ್ನಾನ ಮಾಡಬಹುದಾದಂಥ ಕಡಾಯಿ, ಗ್ಯಾಸ್ ಸಿಲಿಂಡರು ಎಲ್ಲ ಅದರ ಮೇಲೇ ಬರಬೇಕು, ಅದರ ಮೇಲೇ ಹೋಗಬೇಕು. ಮದುವೆಯೇ ಆಗಬೇಕೆಂದಿಲ್ಲ. ಅಡಿಕೆ ಮಂಡಿಗೆ ಹೋಗಬೇಕು, ಗೊಬ್ಬರ ಸೊಸೈಟಿಯಿಂದ ಬರಬೇಕು, ಗಣಪತಿ ಕೆರೆಗೆ ಹೊರಡಬೇಕು ಅಂದರೂ ಮೊದಲ ಪ್ರಶ್ನೆ ಒಂದೇ: ‘ಯಾರ ಪಿಕಪ್ ಸಿಗುತ್ತೆ?’ ಪಿಕಪ್ ಇಟ್ಟವರಿಗೆ ನೆಂಟರು ಸ್ವಲ್ಪ ಜಾಸ್ತಿ ಇರುತ್ತಾರೆ ಎಂಬುದು ನಮ್ಮ ಅಕ್ಕನ ಅಭಿಪ್ರಾಯ. ಅವಳ ಯಜಮಾನರ ಬಳಿ, ಅಂದರೆ ನಮ್ಮ ಭಾವನ ಬಳಿ, ಒಂದು ಬಿಳಿ ಪಿಕಪ್ ಇರುವುದರಿಂದ ಅವಳ ಮಾತನ್ನು ತಳ್ಳಿಹಾಕುವಂತಿಲ್ಲ.

ಹಿಂದೆ ಈ ಕೆಲಸಕ್ಕೆಲ್ಲ ಮಟಡೋರ್ ಇತ್ತು. 2005ರಲ್ಲಿ ಟಾಟಾ ಏಸ್ ಬಂತು. ಎರಡೇ ಸಿಲಿಂಡರು, ಸುಮಾರು 700 ಸಿಸಿಯ ಡೀಸೆಲ್ ಎಂಜಿನ್ನು, ಮುಕ್ಕಾಲು ಟನ್ ಹೊರೆ. ನೋಡಿದವರು ಇದೇನು ಆಟಿಕೆ ಅಂದರು, ಆಮೇಲೆ ಅದಕ್ಕೇ ‘ಚೋಟಾ ಹಾಥಿ’ ಎಂದು ಹೆಸರಾಯಿತು. ಘಾಟಿ ಹತ್ತುವವರು ಇನ್ನೂ ಸ್ವಲ್ಪ ಗಟ್ಟಿಯದು ಬೇಕೆಂದು ಬೊಲೆರೋ ಪಿಕಪ್ಪಿನ ಕಡೆ ಹೋದರು. ಭಾವನದ್ದೂ ಅಂಥದ್ದೇ.

ಗಾಡಿ ಕೇಳಲು ಬಂದವರಿಗೆ ಭಾವ ಕೀ ಕೊಡುವ ಮೊದಲು ಕಾಫಿ ಕೊಡುತ್ತಾರೆ, ಕಾಫಿ ಕುಡಿದು ಮುಗಿಯುವ ತನಕ ಪಾಠ ಮಾಡುತ್ತಾರೆ. ಪಾಠ ತಪ್ಪಿಸಲು ಕಾಫಿ ಬೇಡ ಅಂದವರಿಗೆ ಕೀ ಸಿಕ್ಕ ಉದಾಹರಣೆ ಇಲ್ಲ. ‘ಇದು ಒಂದು ಗಾಡಿ ಅಂದ್ಕೋಬೇಡ ಮಾರಾಯ, ಎರಡು. ಖಾಲಿ ಇದ್ದಾಗ ಒಂದು, ತುಂಬಿದಾಗ ಇನ್ನೊಂದು. ಹೋಗುವಾಗ ಓಡಿಸಿದ್ದು ಇದನ್ನೇ ಅಲ್ವಾ ಅಂತ ಬರುವಾಗ ಹಾಗೇ ಓಡಿಸಿದರೆ ಕೆಟ್ಟೆ.’

ನಮ್ಮ ಲೆಕ್ಕದಲ್ಲಿ ಖಾಲಿ ಗಾಡಿ ಅಂದರೆ ನಿಶ್ಚಿಂತೆ. ‘ಖಾಲಿ ಉಂಟಲ್ಲ, ಹತ್ತು ನಿಮಿಷದಲ್ಲಿ ಬಂದುಬಿಡ್ತೇನೆ’ ಎಂದು ಹೊರಡುವವರೇ ಎಲ್ಲ. ಆದರೆ ಹಿಂದಿನ ಸ್ಪ್ರಿಂಗ್ ಪ್ಲೇಟುಗಳನ್ನು ಮಾಡಿರುವುದು ಟನ್ನುಗಟ್ಟಲೆ ಹೊರೆಗೆ. ಮೇಲೆ ಏನೂ ಇಲ್ಲದಿದ್ದರೆ ಅವು ಬಗ್ಗುವುದೇ ಇಲ್ಲ. ಪ್ರತಿ ಗುಂಡಿಗೂ ಹಿಂದಿನ ಚಕ್ರ ನೆಲ ಬಿಟ್ಟು ಎಗರುತ್ತದೆ. ನೆಲ ಮುಟ್ಟದ ಚಕ್ರಕ್ಕೆ ಬ್ರೇಕ್ ಹಾಕಿ ಏನು ಪ್ರಯೋಜನ? ಮಳೆಗಾಲದಲ್ಲಿ, ತಿರುವಿನಲ್ಲಿ, ಕೆಮ್ಮಣ್ಣು ಹರಿದು ಬಂದ ಡಾಂಬರಿನ ಮೇಲೆ ಖಾಲಿ ಪಿಕಪ್ಪಿಗೆ ಒತ್ತಿ ಬ್ರೇಕ್ ಹಾಕಿದರೆ ಅದರ ಬಾಲ ಮುಂದೆ ಬರಲು ಹೊರಡುತ್ತದೆ. ಎದುರಿನಿಂದ ಬರುವ ಬಸ್ಸಿನವನಿಗೆ ಒಂದು ಕ್ಷಣ ಇವನ ಮುಖವೂ ಬೆನ್ನೂ ಒಟ್ಟಿಗೇ ಕಾಣುತ್ತದೆ.

ತುಂಬಿದ ಗಾಡಿಯದು ಬೇರೆ ಕಥೆ. ಎಷ್ಟು ತುಂಬಬಹುದು ಅನ್ನುವುದು ಆರ್‌ಸಿ ಪುಸ್ತಕದಲ್ಲೇ ಇರುತ್ತದೆ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆಯಬೇಕು, ಅಷ್ಟೇ. ಈ ವರ್ಗದ ಪಿಕಪ್ಪುಗಳಲ್ಲಿ ಉತ್ತರ ಮಾದರಿಗೆ ತಕ್ಕಂತೆ 1.3ರಿಂದ 1.7 ಟನ್ ಆಸುಪಾಸು ಬರುತ್ತದೆ. ಅಂದರೆ 50 ಕಿಲೋದ ಸಿಮೆಂಟು ಚೀಲ 26ರಿಂದ 34. ಸಿಮೆಂಟಿನಲ್ಲಿ ಯಾರಿಗೂ ಗೊಂದಲವಿಲ್ಲ, ಎಣಿಸಬಹುದು. ಗೊಂದಲ ಬರುವುದು ಎಣಿಸಲಾಗದ ವಸ್ತುವಿನಲ್ಲಿ. ಕಣ್ಣು ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಕೊಟ್ಟಿಗೆಗೆ ದರಗು ತರುವವರು ಮನೆಯೆತ್ತರ ಒಟ್ಟುತ್ತಾರೆ. ತೂಕವೇನೂ ಇಲ್ಲ, ಆದರೆ ಕರೆಂಟಿನ ತಂತಿಗೆ ತಾಗುತ್ತದೆ. ಮರಳಿನವರು ಅಂಚಿನ ಮಟ್ಟಕ್ಕೆ ತುಂಬಿ, ‘ಡೋರಿನಿಂದ ಒಂದಿಂಚೂ ಮೇಲೆ ಹೋಗಿಲ್ಲ ನೋಡಿ’ ಎಂದು ಪ್ರಾಮಾಣಿಕತೆ ತೋರಿಸುತ್ತಾರೆ. ಒಂದು ಘನ ಮೀಟರು ಒಣ ಮರಳೇ ಸುಮಾರು 1600 ಕಿಲೋ ತೂಗುತ್ತದೆ. ಒದ್ದೆಯಾದರೆ ಇನ್ನೂ ಹೆಚ್ಚು. ಅಂಚಿಗೆ ಬರುವ ಎಷ್ಟೋ ಮೊದಲೇ ಗಾಡಿಯ ಮಿತಿ ಮುಗಿದಿರುತ್ತದೆ.

ಇದಕ್ಕೆ ನಮ್ಮವರ ಬಳಿ ಪರಿಹಾರ ಸಿದ್ಧವಿದೆ: ಇನ್ನೆರಡು ಪ್ಲೇಟು ಹಾಕಿಸುವುದು. ‘ಎಕ್ಸ್‌ಟ್ರಾ ಪ್ಲೇಟ್ ಹಾಕ್ಸಿದೀನಿ, ಮೂರು ಟನ್ನಿಗೂ ಅಲ್ಲಾಡಲ್ಲ’ ಎಂದು ಹೇಳುವವರ ಮುಖದಲ್ಲಿ ಮಗಳ ಮದುವೆ ಮುಗಿಸಿದ ತೃಪ್ತಿ ಇರುತ್ತದೆ. ಪ್ಲೇಟು ಹೆಚ್ಚಾಯಿತು ಸರಿ. ಬ್ರೇಕು? ಆಕ್ಸಲ್ಲು? ಟೈರು? ಅವೆಲ್ಲ ಇದ್ದ ಹಾಗೇ ಇರುತ್ತವೆ. ಇದರಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಒಮ್ಮೆ ಗಾಡಿ ಸರ್ವಿಸಿಗೆ ನಿಂತಿದ್ದಾಗ ಭಾವ ನನ್ನನ್ನು ಅಡಿಗೆ ಬಗ್ಗಿಸಿ ತೋರಿಸಿದರು. ಹಿಂದಿನ ಆಕ್ಸಲ್ಲಿಗೂ ಚಾಸಿಸ್ಸಿಗೂ ನಡುವೆ, ಕೆಸರು ಮೆತ್ತಿಕೊಂಡ ಒಂದು ಸಣ್ಣ ಸರಳು, ಅದರ ತುದಿಗೆ ಮುಷ್ಟಿಗಾತ್ರದ ಒಂದು ವಾಲ್ವು. ಹಲವು ಪಿಕಪ್ಪುಗಳಲ್ಲಿ ಇದು ಇರುತ್ತದೆ. ಹೊರೆ ಬಿದ್ದು ಗಾಡಿ ಕುಗ್ಗಿದಷ್ಟೂ ಈ ಸರಳು ಮೇಲೇಳುತ್ತದೆ, ಹಿಂದಿನ ಚಕ್ರಗಳಿಗೆ ಬ್ರೇಕ್ ಆಯಿಲ್ಲಿನ ಒತ್ತಡ ಹೆಚ್ಚುತ್ತದೆ; ಖಾಲಿಯಾಗಿ ಎದ್ದು ನಿಂತರೆ ಒತ್ತಡ ಕಡಿಮೆಯಾಗುತ್ತದೆ. ಎರಡು ಗಾಡಿ ಎಂಬ ಭಾವನ ಮಾತು ಆ ಸರಳಿಗೂ ಗೊತ್ತು. ಪ್ಲೇಟು ಸೇರಿಸಿದಿರೋ, ಗಾಡಿ ಕುಗ್ಗುವುದೇ ಇಲ್ಲ. ಎರಡು ಟನ್ ಹೊತ್ತು ನಿಂತಿದ್ದರೂ ಪಾಪದ ಸರಳು ‘ಖಾಲಿ ಇದೆ’ ಎಂದು ತಿಳಿದು ಹಿಂದಿನ ಬ್ರೇಕನ್ನು ಸಡಿಲ ಬಿಡುತ್ತದೆ. ಮೇಲೆ ಕೂತವನು ಅಲ್ಲಾಡಲ್ಲ ಎಂದು ಮೀಸೆ ತಿರುವುತ್ತಾನೆ.

ಡ್ಯಾಶ್‌ಬೋರ್ಡಿನ ಮೇಲೆ, ಸ್ಟೇರಿಂಗಿನ ಬಳಿ, ಸೊನ್ನೆಯಿಂದ ಮೂರರವರೆಗೆ ಅಂಕಿ ಬರೆದ ಒಂದು ಪುಟ್ಟ ಚಕ್ರ ಇರುವ ಗಾಡಿಗಳುಂಟು. ಅದರ ಮೇಲೆ ಸಾಮಾನ್ಯವಾಗಿ ಊದಿನಕಡ್ಡಿಯ ಬೂದಿ ಕೂತಿರುತ್ತದೆ. ರೇಡಿಯೋದ್ದೋ ಏನೋ ಎಂದು ಎಷ್ಟೋ ಜನ ಮುಟ್ಟುವುದಿಲ್ಲ. ಅದು ಹೆಡ್‌ಲೈಟಿನದು. ಹಿಂದೆ ಹೊರೆ ಬಿದ್ದಾಗ ಮೂತಿ ಮೇಲಾಗುತ್ತದೆ, ದೀಪದ ಬೆಳಕು ರಸ್ತೆ ಬಿಟ್ಟು ಅಡಿಕೆ ಮರದ ತುದಿ ನೋಡಲು ಹೋಗುತ್ತದೆ. ಎದುರಿನ ಬೈಕಿನವನಿಗೆ ಡಿಮ್ಮೂ ಒಂದೇ ಬ್ರೈಟೂ ಒಂದೇ. ಚಕ್ರ ತಿರುಗಿಸಿ ಅಂಕಿ ಏರಿಸಿದರೆ ಬೆಳಕು ಕೆಳಗಿಳಿಯುತ್ತದೆ. ಅಷ್ಟು ಸುಲಭದ ಕೆಲಸ. ನನಗೆ ಕೇಳಿದರೆ ಗಾಡಿಯಲ್ಲಿರುವ ಗುಂಡಿಗಳಲ್ಲೆಲ್ಲ ಇದರಷ್ಟು ಪರೋಪಕಾರಿ ಬೇರಿಲ್ಲ. ಓಡಿಸುವವನಿಗೆ ಇದರಿಂದ ಲಾಭ ಕಡಿಮೆ, ಎದುರಿನವನಿಗೇ ಎಲ್ಲ. ಬೂದಿ ಕೂತಿರುವುದು ಬಹುಶಃ ಅದಕ್ಕೇ.

ಹಾಗೆಂದು ನಮ್ಮವರು ಗುಂಡಿ ಒತ್ತಲು ಹಿಂಜರಿಯುವವರಲ್ಲ. ನಾಲ್ಕೂ ಇಂಡಿಕೇಟರು ಒಟ್ಟಿಗೆ ಮಿನುಗಿಸುವ ಕೆಂಪು ತ್ರಿಕೋನದ ಗುಂಡಿ ಕೆಟ್ಟು ನಿಂತ ಗಾಡಿಗೆಂದು ಇಟ್ಟದ್ದು. ಅದನ್ನು ನಮ್ಮ ಸರ್ಕಲ್ಲುಗಳಲ್ಲಿ ‘ನಾನು ಸೀದಾ ಹೋಗುವವ’ ಎಂದು ಸಾರಲು ಬಳಸುತ್ತಾರೆ. ಎಡಕ್ಕೆ ಹೋಗುವವನಿಗೆ ಎಡದ್ದು, ಬಲಕ್ಕೆ ಹೋಗುವವನಿಗೆ ಬಲದ್ದು, ಹಾಗಾದರೆ ಸೀದಾ ಹೋಗುವವನಿಗೆ ಎರಡೂ! ತರ್ಕದಲ್ಲಿ ದೋಷ ಹುಡುಕುವುದು ಕಷ್ಟ. ಪಕ್ಕದಲ್ಲಿ ಬರುವವನಿಗೆ ಮಾತ್ರ ಒಂದೇ ಬದಿಯ ದೀಪ ಕಾಣುವುದರಿಂದ ಅವನು ‘ಈತ ತಿರುಗುತ್ತಾನೆ’ ಎಂದು ತಿಳಿದು ನುಗ್ಗುತ್ತಾನೆ.

ಇನ್ನು ಘಾಟಿ. ಆಗುಂಬೆಯಲ್ಲಿ 14 ತಿರುವು; ಭಾರಿ ವಾಹನಗಳಿಗೆ ನಿರ್ಬಂಧ. ಹಾಗಾಗಿ ಅಲ್ಲಿ ಪಿಕಪ್ಪಿನದೇ ದರ್ಬಾರು. ಕೆಳಗಿನಿಂದ ಬಂಗುಡೆ, ಬೂತಾಯಿ ಹೊತ್ತ ಮೀನಿನ ಗಾಡಿಗಳು ಐಸಿನ ನೀರು ತೊಟ್ಟಿಕ್ಕಿಸುತ್ತ ಬರುತ್ತವೆ. ಆ ನೀರು ಬಿದ್ದ ತಿರುವು ಬೇಸಿಗೆಯಲ್ಲೂ ಜಾರುತ್ತದೆ, ವಾಸನೆ ಬೇರೆ. ಮೇಲಿನಿಂದ ಇಳಿಯುವವರಿಗೆ ಹಳೆಯ ಡ್ರೈವರುಗಳ ಮಾತು ಒಂದೇ: ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕು ಬೇಕೆಂದಾಗ ಮಾತ್ರ. ಬ್ರೇಕಿನ ಮೇಲೇ ಕಾಲಿಟ್ಟು ಇಳಿದರೆ ಅರ್ಧ ದಾರಿಯಲ್ಲಿ ಲೈನರ್ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ಕೇಳುವುದಿಲ್ಲ. ವಾಸನೆ ಬಂದರೆ ಬದಿಗೆ ಹಾಕಿ ಆರಲು ಬಿಡಬೇಕು. ಕಾದ ಡ್ರಮ್ಮಿಗೆ ಬಾಟಲಿ ನೀರು ಸುರಿಯುವ ಉಪಚಾರ ಮಾಡಬಾರದು, ಬಿರುಕು ಬಿಟ್ಟೀತು.

ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ ಬಿಡುವ ಮಹಾತ್ಮರೂ ಇದ್ದಾರೆ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಡೀಸೆಲ್ ಪೂರೈಕೆಯೇ ನಿಲ್ಲುತ್ತದೆ. ನ್ಯೂಟ್ರಲ್ಲಿಗೆ ಹಾಕಿದರೆ ಎಂಜಿನ್ ಆರದಿರಲು ಒಂದಿಷ್ಟು ಸುಡಲೇಬೇಕು. ಅಂದರೆ ಉಳಿಸಲು ಹೋಗಿ ಖರ್ಚು. ಇನ್ನೂ ಮುಂದೆ ಹೋಗಿ ಎಂಜಿನ್ನನ್ನೇ ಆಫ್ ಮಾಡುವವರಿಗೆ ಒಂದೆರಡು ಸಲ ಬ್ರೇಕ್ ಹತ್ತುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ, ಪವರ್ ಸ್ಟೇರಿಂಗಿನ ಪವರೂ ಹೋಗುತ್ತದೆ. ಕೀ ಹೊರಗೆಳೆದರಂತೂ ಸ್ಟೇರಿಂಗೇ ಲಾಕು. ಕಿರಿದಾದ ಕಡೆ ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕೆಂಬುದು ರಸ್ತೆ ನಿಯಮದಲ್ಲೇ ಇದೆ. ಹೊರೆ ಹೊತ್ತು ಹತ್ತುತ್ತಿರುವವನು ಒಮ್ಮೆ ನಿಂತರೆ ಮತ್ತೆ ಹೊರಡಿಸುವ ಪಾಡು ಹಾಫ್ ಕ್ಲಚ್ಚಿಗೇ ಗೊತ್ತು. ಹಾಗೆ ನಿಂತಾಗ ‘ಚಕ್ರಕ್ಕೆ ಕಲ್ಲು ಕೊಡ್ರೋ’ ಎಂಬ ಕೂಗು ಏಳುತ್ತದೆ, ಯಾರೋ ಓಡಿ ಕಲ್ಲು ಕೊಡುತ್ತಾರೆ, ಗಾಡಿ ಹೊರಡುತ್ತದೆ, ಕಲ್ಲು ಮಾತ್ರ ರಸ್ತೆಯಲ್ಲೇ ಉಳಿಯುತ್ತದೆ. ರಾತ್ರಿ ಬೈಕಿನಲ್ಲಿ ಬರುವವನಿಗೆ ಅದು ಸಿಗುತ್ತದೆ. ಮರದ ಎರಡು ತುಂಡಿಗೆ ಹಗ್ಗ ಕಟ್ಟಿ ಗಾಡಿಯಲ್ಲೇ ಇಟ್ಟುಕೊಂಡರೆ ತಾನಾಗಿ ಹಿಂದೆ ಬರುತ್ತದೆ. ಭಾವನ ಗಾಡಿಯಲ್ಲಿ ಇದೆ. ಇಳಿಜಾರಿನಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕಿನ ಜೊತೆಗೆ ಮುಖ ಕೆಳಗಿದ್ದರೆ ರಿವರ್ಸ್, ಮೇಲಿದ್ದರೆ ಫಸ್ಟ್, ಮುಂದಿನ ಚಕ್ರ ದರೆಯ ಕಡೆಗೆ. ಉರುಳಿದರೂ ದರೆಗೆ ಒರಗಲಿ, ಕಣಿವೆಗೆ ಬೇಡ.

ಕಾನೂನಿನ ವಿಷಯ. ಕಾರಿನ ಲೈಸೆನ್ಸ್ ಇಟ್ಟುಕೊಂಡು ಪಿಕಪ್ ಓಡಿಸಬಹುದೋ ಇಲ್ಲವೋ ಎಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, ಒಟ್ಟು ತೂಕ 7500 ಕಿಲೋ ಒಳಗಿದ್ದರೆ ಆಗಬಹುದು ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ನಮ್ಮ ಕಡೆ ತೀರ್ಪಿಗೆ ಯಾರೂ ಕಾದಿರಲಿಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಹೆಚ್ಚು ಹೊರೆಗೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ದಬ್ಬೆಯೋ ಕಬ್ಬಿಣದ ಸರಳೋ ಮಿತಿ ಮೀರಿ ಹೊರಚಾಚಿದ್ದರೂ 20,000. ತುದಿಗೆ ಕೆಂಪು ಬಟ್ಟೆ ಕಟ್ಟಿದ್ದೇನೆ ಎಂದು ವಾದಿಸುವವರಿದ್ದಾರೆ. ಕತ್ತಲಲ್ಲಿ ಕೆಂಪೂ ಕಪ್ಪೇ.

ಹಿಂದೆ ಜನರನ್ನು ಕೂರಿಸುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ, ಯಾರೂ ಪಾಲಿಸದ ವಿಷಯ. ಅದೇ ಕಾಯ್ದೆಯ ವಿಮೆಯ ಭಾಗದಲ್ಲಿ 1994ರ ತಿದ್ದುಪಡಿಯ ಮೇಲೆ ಸರಕಿನ ಮಾಲೀಕನಿಗೋ ಅವನ ಕಡೆಯವನಿಗೋ ರಕ್ಷಣೆ ಇದೆ, ಸುಮ್ಮನೆ ಹತ್ತಿದವರಿಗಿಲ್ಲ. ಇದನ್ನು ಅರೆಬರೆ ಕೇಳಿಸಿಕೊಂಡವರು ಸಂತೆಯಿಂದ ಬರುವಾಗ ಪೊಲೀಸರು ಕೈ ಅಡ್ಡ ಹಿಡಿದರೆ ‘ಸಾಮಾನು ನಮ್ಮದೇ ಸಾರ್’ ಅನ್ನುತ್ತಾರೆ. ಒಂದು ಕುಂಬಳಕಾಯಿಗೆ ಹದಿನೈದು ಮಾಲೀಕರು! ಕುಂಬಳಕಾಯಿಯನ್ನಾದರೂ ಹಗ್ಗದಲ್ಲಿ ಕಟ್ಟಿರುತ್ತಾರೆ, ಮಾಲೀಕರನ್ನು ಕಟ್ಟಿರುವುದಿಲ್ಲ. ಕ್ಯಾಬಿನ್ನಿನಲ್ಲಿ ಮಧ್ಯ ಕೂತವನ ಕಷ್ಟ ಬೇರೆ. ಸೆಕೆಂಡ್, ಫೋರ್ತ್ ಬಿದ್ದಾಗಲೆಲ್ಲ ಗೇರಿನ ಗುಬಟು ಅವನ ಮೊಣಕಾಲಿಗೆ. ಆದರೂ ಆ ಜಾಗವೇ ವಾಸಿ.

ಎಲ್ಲ ಕಲಿತ ಮೇಲೂ ಉಳಿಯುವುದು ರಿವರ್ಸು. ಮದುವೆ ಮನೆಯ ಅಂಗಳಕ್ಕೆ ಪಿಕಪ್ ಹಿಂದಕ್ಕೆ ತರುವಾಗ ಅಲ್ಲಿರುವ ಪ್ರತಿಯೊಬ್ಬರೂ ಪರಿಣತರು. ಒಬ್ಬರು ‘ಬರ್ಲಿ ಬರ್ಲಿ’, ಇನ್ನೊಬ್ಬರು ‘ಫುಲ್ ಲೆಫ್ಟ್ ಹೊಡಿ’, ಮತ್ತೊಬ್ಬರು ತಾಂಬೂಲ ತುಂಬಿದ ಬಾಯಲ್ಲಿ ಕೈಸನ್ನೆ. ಹೇಳುವವರೆಲ್ಲ ಕನ್ನಡಿಗೆ ಕಾಣದ ಜಾಗದಲ್ಲೇ ನಿಂತಿರುತ್ತಾರೆ, ಒಬ್ಬಿಬ್ಬರು ಗಾಡಿಗೂ ಗೋಡೆಗೂ ನಡುವೆ. ಭಾವ ಯಾರ ಮಾತೂ ಕೇಳದೆ ಹ್ಯಾಂಡ್‌ಬ್ರೇಕ್ ಎಳೆದು, ಇಳಿದು, ಹಿಂದೆ ಹೋಗಿ, ಮಕ್ಕಳನ್ನು ಆಚೆ ಕಳಿಸಿ, ಚರಂಡಿ ನೋಡಿ, ಮತ್ತೆ ಹತ್ತುತ್ತಾರೆ. ಹೋದ ಮದುವೆಯಲ್ಲಿ ಹುಡುಗಿಯ ಚಿಕ್ಕಪ್ಪನಿಗೆ ಇದರಿಂದ ಬೇಜಾರಾಯಿತು.

‘ನಾವಿಷ್ಟು ಜನ ಹೇಳ್ತಾ ಇದೀವಲ್ಲ, ನಮ್ಮ ಮೇಲೆ ನಂಬಿಕೆ ಇಲ್ವಾ?’

‘ಇದೆ ಮಾರಾಯ್ರೇ’ ಅಂದರು ಭಾವ, ‘ಆದ್ರೆ ನೀವು ಹೋಲ್ಡ್ ಅನ್ನೋದು ಯಾವಾಗ್ಲೂ ಡಬ್ ಅಂದ ಮೇಲೆ.’