ಶಿಕ್ಷಣ ಸಮಿತಿಯ ಭಾವೀ ಸಭಾಪತಿಗಳಿಗೆ

ಲೋಣಾವಳಾ, ನವೆಂಬರ್ 2025

ಮಾನ್ಯರೇ,

ನೀವು ಯಾರೆಂದು ನನಗೆ ಗೊತ್ತಿಲ್ಲ. ನಿಮಗೂ ಇನ್ನೂ ಗೊತ್ತಿರಲಿಕ್ಕಿಲ್ಲ. ಡಿಸೆಂಬರ್ 2ಕ್ಕೆ ನಗರ ಪರಿಷತ್ತಿನ ಮತದಾನವೆಂದು ಸಾರಿದ್ದಾರೆ. ಪ್ರಭಾಗಕ್ಕೆ, ಅಂದರೆ ವಾರ್ಡಿಗೆ, ಇಬ್ಬರು ನಗರಸೇವಕರು, ಮೇಲೊಬ್ಬ ನಗರಾಧ್ಯಕ್ಷ, ಹೀಗೆ ಮೂರು ಗುಂಡಿ ಒತ್ತುವ ಭಾಗ್ಯ ನಮ್ಮದು. ಶಿಕ್ಷಣ, ಕ್ರೀಡಾ ಹಾಗೂ ಸಾಂಸ್ಕೃತಿಕ ಸಮಿತಿಯ ಸಭಾಪತಿಗೆಂದು ನಾಲ್ಕನೇ ಗುಂಡಿ ಯಂತ್ರದಲ್ಲಿಲ್ಲ. ಗೆದ್ದವರು ಒಳಗೆ ಕೂತು ನಿಮ್ಮನ್ನು ಆರಿಸುತ್ತಾರೆ. ಯಾವ ಊರಲ್ಲಾದರೂ ನೀರು, ಕಾಮಗಾರಿ ಸಮಿತಿಗಳಿಗೆ ಜಗ್ಗಾಟ ಮುಗಿದ ಮೇಲೆ, ಮುನಿಸಿಕೊಂಡು ಮೂಲೆ ಹಿಡಿದವರ ಕೈಗೆ ಶಾಲೆಗಳನ್ನು ಇಡುತ್ತಾರೆಂಬುದು ನನ್ನ ಗುಮಾನಿ.

ಹಾಗಾಗಿ ಕಣದಲ್ಲಿರುವವರೆಲ್ಲ ಭಾವೀ ಸಭಾಪತಿಗಳೇ ಎಂದುಕೊಂಡು ಅಫಿಡವಿಟ್ಟುಗಳನ್ನು ಓದಲು ಕೂತೆ. ಇವು ಪುಕ್ಕಟೆ ಸಿಕ್ಕ ಕಾಗದಗಳಲ್ಲ. ಉಮೇದುವಾರರ ಕೇಸು, ಆಸ್ತಿಗಳ ವಿವರ ಮತದಾರನಿಗೆ ತಿಳಿಯಬೇಕೆಂದು ಅಹಮದಾಬಾದಿನ ಐಐಎಂನ ಪ್ರಾಧ್ಯಾಪಕರು 1999ರಲ್ಲಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ್ದರು. 2002ರ ಮೇ 2ರಂದು ಸುಪ್ರೀಂ ಕೋರ್ಟು ಒಪ್ಪಿತು. ಸರ್ಕಾರ ಕಾನೂನು ತಿದ್ದಿ ಅಡ್ಡಗೋಡೆ ಕಟ್ಟಿತು, 2003ರಲ್ಲಿ ಕೋರ್ಟು ಅದನ್ನೂ ಕೆಡವಿತು. ಅಷ್ಟೆಲ್ಲ ಆದಮೇಲೆ ಮತದಾರನಿಗೆ ದಕ್ಕಿದ ಓದು ಇದು.

ಓದಿ ದಂಗಾದೆ. ಉಮೇದುವಾರರ ಹೆಂಡತಿಯ ಬಂಗಾರವೆಷ್ಟು, ಗಾಡಿಯ ಸಾಲವೆಷ್ಟು, ಯಾವ ಠಾಣೆಯಲ್ಲಿ ಯಾವ ಕಲಮಿನಡಿ ಕೇಸು, ಎಲ್ಲ ಉಂಟು. ಮನೆಯಲ್ಲಿ ಶೌಚಾಲಯ ಉಂಟೇ, ಬಳಸುತ್ತಾರೆಯೇ ಎಂದೂ ಸರ್ಕಾರ ಕೇಳುತ್ತದೆ. ಮಕ್ಕಳ ವಿಷಯದಲ್ಲಂತೂ ಬಲು ಬಿಗಿ: 2001ರ ಸೆಪ್ಟೆಂಬರ್ 12ರ ನಂತರ ಮೂರನೆಯದು ಹುಟ್ಟಿದ್ದರೆ ಮಹಾರಾಷ್ಟ್ರದಲ್ಲಿ ನಗರಸೇವಕಗಿರಿಯ ಆಸೆ ಬಿಡಬೇಕು. ಮಕ್ಕಳೆಷ್ಟು ಎಂದು ಇಷ್ಟು ಕಾಳಜಿಯಿಂದ ಕೇಳುವ ಸರ್ಕಾರ, ಅವು ಯಾವ ಶಾಲೆಗೆ ಹೋಗುತ್ತವೆ ಎಂದು ಕೇಳುವುದೇ ಇಲ್ಲ. ಶಾಲೆಯ ಹೆಣ್ಣುಮಕ್ಕಳ ಶೌಚಾಲಯದಲ್ಲಿ ನೀರು ಬರುತ್ತದೆಯೇ ಎಂಬುದಕ್ಕೂ ಕಾಲಂ ಇಲ್ಲ.

ಕಾಗದದಲ್ಲಿ ಸಿಗದ್ದನ್ನು ಬೀದಿಯಲ್ಲಿ ಹುಡುಕಿದೆ. ಒಬ್ಬ ಉಮೇದುವಾರರ ಗೇಟಿನ ಮೇಲೆ ಭಾರೀ ಬ್ಯಾನರ್. ಅದರಲ್ಲಿ ಸಾಹೇಬರು ಪುಟ್ಟ ಹುಡುಗಿಗೆ ಪಾಟಿ ಕೊಡುತ್ತಿದ್ದಾರೆ. ಪಾಟಿಯನ್ನು ಐದು ಕೈಗಳು ಹಿಡಿದಿವೆ, ಐದೂ ದೊಡ್ಡವರವೇ. ಹುಡುಗಿಯ ಕೈಗೆ ಜಾಗ ಸಿಕ್ಕಿಲ್ಲ. ನಾನು ನೋಡುತ್ತ ನಿಂತಿರುವಾಗಲೇ 'ಇಂಟರ್‌ನ್ಯಾಷನಲ್' ಎಂದು ಬರೆದ ಹಳದಿ ಬಸ್ಸು ಬಂದು, ಬ್ಯಾನರಿನ ಕೆಳಗಿಂದಲೇ ಸಾಹೇಬರ ಮಕ್ಕಳನ್ನು ಹತ್ತಿಸಿಕೊಂಡು ಹೋಯಿತು. ಅಫಿಡವಿಟ್ಟಿಗಿಂತ ಬಸ್ಸು ಪ್ರಾಮಾಣಿಕ.

2015ರ ಆಗಸ್ಟ್ 18ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸುಧೀರ್ ಅಗರ್ವಾಲ್ ಅವರು, ಉತ್ತರ ಪ್ರದೇಶದ ಸರ್ಕಾರಿ ನೌಕರರು, ಚುನಾಯಿತ ಪ್ರತಿನಿಧಿಗಳ ಮಕ್ಕಳು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಓದುವಂತೆ ಮಾಡಿ ಎಂದು ಆದೇಶಿಸಿದ್ದರು. ತಪ್ಪಿದವರು ಖಾಸಗಿ ಶಾಲೆಗೆ ಕೊಡುವಷ್ಟೇ ಶುಲ್ಕವನ್ನು ಖಜಾನೆಗೂ ಕಟ್ಟಬೇಕೆಂದಿದ್ದರು. ಕರ್ಜತ್‌ನಲ್ಲಿ ನಮ್ಮ ರೈಲುಗಳಿಗೆ ಘಾಟ್ ಹತ್ತಲೆಂದು ಹಿಂದಿನಿಂದ ತಳ್ಳುವ ಎಂಜಿನ್ ಕೊಡುತ್ತಾರೆ. ಆ ತೀರ್ಪಿಗೆ ಅಂಥದ್ದೊಂದು ಸಿಗಲಿಲ್ಲ.

ನಮ್ಮ ಕರ್ನಾಟಕದಲ್ಲಿ ಶಾಲೆಯ ಉಸ್ತುವಾರಿಗೆ ಪೋಷಕರ ಸಮಿತಿಯಾಗಿ 2001ರಿಂದ ಎಸ್‌ಡಿಎಂಸಿ ಉಂಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಇಲ್ಲಿ ಮಹಾರಾಷ್ಟ್ರದಲ್ಲಿಯೂ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅಂದರೆ ಮಗು ಆ ಶಾಲೆಯಲ್ಲೇ ಓದುತ್ತಿರಬೇಕು. ಒಂದು ಶಾಲೆಯ ಸಮಿತಿಗೆ ಸೇರುವ ತಾಯಿಗೆ ಈ ಅರ್ಹತೆ ಬೇಕು. ಎಲ್ಲ ಶಾಲೆಗಳ ಮೇಲೆ ಕೂರುವ ನಿಮಗೆ ಬೇಡ.

ಆದಕಾರಣ, ನನ್ನ ಮೂರು ಮತಗಳಿಗಾಗಿ ನಿಮ್ಮಿಂದ ಪುರವಣಿ ಅಫಿಡವಿಟ್ಟೊಂದನ್ನು ಬೇಡುತ್ತಿದ್ದೇನೆ. ಆಗಸ್ಟ್ 15, ಜನವರಿ 26 ಬಿಟ್ಟು ಬೇರೆ ಯಾವ ದಿನವಾದರೂ ಪರಿಷತ್ತಿನ ಶಾಲೆಯೊಳಗೆ ಕಾಲಿಟ್ಟಿದ್ದೀರಾ? ನಿಮ್ಮ ಪ್ರಭಾಗದ ಮುಖ್ಯೋಪಾಧ್ಯಾಯರ ಹೆಸರೇನು? (ಪಕ್ಕದವರನ್ನು ಕೇಳಬಾರದು.) ಬರೆಯಲು ಪುರುಸೊತ್ತಿಲ್ಲದಿದ್ದರೆ ಪ್ರಚಾರದ ರಿಕ್ಷಾದಲ್ಲಿ ಕೂಗಿಸಿದರೂ ಆದೀತು. ಶಾಲೆಯ ಮುಂದೆ ಹಾಯುವಾಗ ಮಾತ್ರ ಧ್ವನಿವರ್ಧಕ ಬಂದ್ ಇರಲಿ, ಒಳಗೆ ಮಗ್ಗಿ ಹೇಳಿಸುತ್ತಿರುತ್ತಾರೆ. ಶಾಲೆ ಎಲ್ಲಿದೆಯೆಂದು ರಿಕ್ಷಾದವನಿಗೆ ನೀವು ಹೇಳಬೇಕಾಗಿಲ್ಲ. ಅವನ ಮಗಳು ಓದುವುದು ಅಲ್ಲೇ.

ಇಂತಿ,
ಮೂರು ಗುಂಡಿಗಳ ಮತದಾರ