ಭೂಗರ್ಭಸ್ಥ ಡೀಸೆಲ್ ಟ್ಯಾಂಕ್ ಮಹಾಶಯರಿಗೆ ಬಹಿರಂಗ ಪತ್ರ

ಕಾಗಿಣಾ ನದಿಯ ಸೀಮೆಯಲ್ಲಿ, ಹೆಸರು ಹೇಳಲೊಲ್ಲದ ಯಾವುದೋ ಸಿಮೆಂಟ್ ಕಾರ್ಖಾನೆಯ ಅಂಗಳದಡಿ ದಶಕಗಳಿಂದ ಯೋಗನಿದ್ರೆಯಲ್ಲಿರುವ ಮಹಾಶಯರ ಸನ್ನಿಧಿಗೆ, ಅದೇ ನೆಲದ ನೀರು ಕುಡಿಯುವ ಪ್ರಜೆಯ ಸವಿನಯ ವಿಜ್ಞಾಪನೆಗಳು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಜನರು ಸಿಮೆಂಟ್ ಕಾರ್ಖಾನೆಯನ್ನು ದೂರುವುದಾದರೆ ಧೂಳನ್ನೇ ದೂರುವರು. ಏಕೆಂದರೆ ತೊಗರಿಯ ಎಲೆಯ ಮೇಲೆ, ಒಣಹಾಕಿದ ಧೋತರದ ಮೇಲೆ, ತಟ್ಟೆಯ ರೊಟ್ಟಿಯ ಮೇಲೆ ಕುಳಿತು ತನ್ನ ಇರವನ್ನು ತಾನೇ ಸಾರಿಕೊಳ್ಳುವಷ್ಟು ಧೂಳು ಬುದ್ಧಿಹೀನವಾದುದು. ತಾವಾದರೋ ಅಂಥ ಪ್ರದರ್ಶನಪ್ರಿಯರಲ್ಲ. ತಮ್ಮ ಉಕ್ಕಿನ ಮೈಗೆ ತುಕ್ಕು ಹಿಡಿದು ಸೂಜಿಮೊನೆಯಷ್ಟು ರಂಧ್ರ ಬಿದ್ದರೂ, ಮೇಲೆ ನೆಟ್ಟ ‘ಧೂಮಪಾನ ನಿಷೇಧಿಸಿದೆ’ ಎಂಬ ಫಲಕವು ಎಂದಿನಂತೆಯೇ ಶೋಭಿಸುತ್ತಿರುವುದು. ತಾವು ಸೋರುತ್ತಿರುವಿರೆಂದು ನಾನು ಆಪಾದಿಸುವುದಿಲ್ಲ. ಸೋರುತ್ತಿಲ್ಲವೆಂದು ಆ ಫಲಕವು ಸಾಕ್ಷಿ ನುಡಿಯಲಾರದೆಂಬುದಿಷ್ಟೇ ನನ್ನ ಅರಿಕೆ.

ತಮಗೊದಗಿದ ನೆಲೆಯನ್ನಂತೂ ಮೆಚ್ಚಲೇಬೇಕು. ಬರಿಯ ಎರೆಮಣ್ಣಾಗಿದ್ದರೆ ಹನಿಯನ್ನು ಹೀರಿ ಕೆಲಕಾಲವಾದರೂ ಹಿಡಿದಿಡುತ್ತಿತ್ತು. ಆದರೆ ಅದರ ಕೆಳಗಿರುವುದು ಭೀಮಾ ಕಣಿವೆಯ ಸುಣ್ಣಕಲ್ಲು, ನಾಡಿನ ಮನೆಗಳ ನೆಲಕ್ಕೆಲ್ಲ ಹಾಸಾಗಿರುವ ಪರ್ಸಿ. ಪದರಪದರವಾದ ಈ ಶಿಲೆಯ ಸಂದುಗಳಲ್ಲಿಯೂ ಬಿರುಕುಗಳಲ್ಲಿಯೂ ನಡೆಯುವ ನೀರು, ಎಂಜಿನಿಯರರು ನಕ್ಷೆಯಲ್ಲಿ ಎಳೆದ ಬಾಣವನ್ನು ಲೆಕ್ಕಿಸುವುದಿಲ್ಲ. ಹಗುರವಾದ ತೈಲವು ಅಂತರ್ಜಲದ ಮೇಲೆ ತೇಲಿ, ಅದರ ಕರಗುವ ಅಂಶವು, ಅದರಲ್ಲಿಯೂ ತಮ್ಮ ನೆರೆಯ ಪೆಟ್ರೋಲ್ ಟ್ಯಾಂಕಿನ ಬೆಂಜೀನು, ನೀರಿನೊಡನೆ ಯಾತ್ರೆ ಹೊರಟಿತೆಂದರೆ, ಪಕ್ಕದ ಬಾವಿ ನಿರ್ಮಲವಾಗಿ ಉಳಿದು ದೂರದ ಬೋರು ನಾರಬಹುದು. ಆಗ ಆ ಪಕ್ಕದ ಬಾವಿಯೇ ತಮ್ಮ ನಿರಪರಾಧಿತ್ವದ ಪ್ರಮಾಣಪತ್ರ.

ಕಾನೂನೂ ತಮ್ಮ ನಿದ್ರೆಗೆ ಭಂಗ ತಂದುದಿಲ್ಲ. 1934ರ ಪೆಟ್ರೋಲಿಯಂ ಅಧಿನಿಯಮದ ಕಣ್ಣು ಬೆಂಕಿಯ ಮೇಲೆ. 1974ರ ಜಲ ಅಧಿನಿಯಮವು ಅಂತರ್ಜಲವನ್ನೂ ಕಾಯಬೇಕಾದುದಾದರೂ, ಅದನ್ನು ಜಾರಿಗೊಳಿಸುವವರ ಕಣ್ಣು ಕಾರ್ಖಾನೆಯ ಮೋರಿಯ ಮೇಲೆ. ನಡುವಣ ಕತ್ತಲೆಯೇ ತಮ್ಮ ನಿವಾಸ.

ಇನ್ನು ಶೋಧನೆಯ ಮಾತು. ಹಳ್ಳಿಗೆ ಬರುವ ನೀರುಪರೀಕ್ಷೆಯ ಕಿಟ್ಟು ಗಡಸುತನ, ಫ್ಲೋರೈಡು, ನೈಟ್ರೇಟುಗಳನ್ನು ವಿಚಾರಿಸಿಕೊಂಡು ಹೋಗುವುದೇ ಹೊರತು ತೈಲದ ಯೋಗಕ್ಷೇಮವನ್ನು ಕೇಳುವುದಿಲ್ಲ. ಕುಡಿಯುವ ನೀರಿನಲ್ಲಿ ಬೆಂಜೀನು ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆಯಷ್ಟೆ. ಯಾವನೋ ಹಠಮಾರಿ ಅದನ್ನು ಅಳೆಯಿಸಹೊರಟನೆನ್ನೋಣ. ಹಾರಿಹೋಗುವ ಸ್ವಭಾವದ ಆ ದ್ರವ್ಯವನ್ನು ಗಾಜಿನ ಸೀಸೆಯಲ್ಲಿ, ಒಂದು ಗುಳ್ಳೆಯೂ ಉಳಿಯದಂತೆ ಕಂಠಪೂರ್ತಿ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಒಯ್ಯಬೇಕೆಂಬುದು ಪ್ರಯೋಗಶಾಲೆಯ ಶಾಸ್ತ್ರ. ಅದರ ಬದಲು, ಸೋಡಾ ಕುಡಿದು ಬಿಸಾಡಿದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮುಕ್ಕಾಲು ತುಂಬಿ, ವೈಶಾಖದ ಬಿಸಿಲಲ್ಲಿ ಜೀಪಿನ ಹಿಂಬದಿಯಲ್ಲಿ ಕೂರಿಸಿ, ನಡುವೆ ಸಾಹೇಬರ ಊಟ, ಊಟದ ಮೇಲಣ ವಿಶ್ರಾಂತಿ, ಅದರ ಮೇಲಣ ಚಹಾ ಇವೆಲ್ಲ ಸಾಂಗವಾಗಿ ನೆರವೇರಿದ ಬಳಿಕ ಚಿಂಚೋಳಿಯಿಂದ ಕಲಬುರಗಿಗೆ ಮುಟ್ಟಿಸಿದರೆ, ಆ ವೇಳೆಗೆ ಬೆಂಜೀನು ಬಹುಮಟ್ಟಿಗೆ ಮೋಕ್ಷ ಪಡೆದಿರುವುದು; ‘ಪತ್ತೆಯಾಗಿಲ್ಲ’ ಎಂದು ಬರೆದ ರಸಾಯನಶಾಸ್ತ್ರಜ್ಞರು ಸುಳ್ಳು ಬರೆದಂತೆಯೂ ಆಗುವುದಿಲ್ಲ.

ಪತ್ತೆಯಾಗದೆ ಉಳಿಯುವ ಈ ಭಾಗ್ಯ ಪರದೇಶದ ತಮ್ಮ ಕುಲಬಾಂಧವರಿಗೆ ದೊರೆಯಲಿಲ್ಲ. ಅವರಿಂದ ಸೋರಿದ ಪೆಟ್ರೋಲಿನ ದೆಸೆಯಿಂದ ಅಮೆರಿಕದ ಸ್ಯಾಂಟಾ ಮೋನಿಕಾ ನಗರವು 1996ರಲ್ಲಿ ಬಾವಿಗಳನ್ನು ಮುಚ್ಚಿ, ತನ್ನ ನೀರಿನಲ್ಲಿ ಸುಮಾರು ಅರ್ಧವನ್ನು ಕಳೆದುಕೊಂಡಿತು. ತಮ್ಮ ದಾಯಾದಿಯಾದ ತೈಲದ ಕೊಳವೆಯೊಂದು 2013ರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ ಸೋರಿದಾಗಲೂ, ಅದನ್ನು ಹಿಡಿದುಕೊಟ್ಟದ್ದು ಮನೆಮನೆಯ ಬೋರಿನಲ್ಲಿ ಎದ್ದ ವಾಸನೆಯೇ.

ಮಳಖೇಡದಲ್ಲಿ ರಾಷ್ಟ್ರಕೂಟರ ರಾಜಧಾನಿಯ ಅವಶೇಷಗಳನ್ನು ಗುರುತಿಸಬಲ್ಲ ನಾವು, ಅಜ್ಜನ ಕಾಲದಲ್ಲಿ ಹೂತ ತಮ್ಮನ್ನು ಗುರುತಿಸಲಾರೆವೇ? ಕೃಪೆಯಿಟ್ಟು ಒಮ್ಮೆ ಒತ್ತಡದ ಪರೀಕ್ಷೆಗೆ ಮೈಯೊಡ್ಡಿರಿ. ಅಂತರ್ಜಲ ಬರುವ ದಿಕ್ಕಿನಲ್ಲೊಂದು, ಹೋಗುವ ದಿಕ್ಕಿನಲ್ಲೆರಡು ನಿಗಾ ಬಾವಿಗಳನ್ನು ಕೊರೆಯಗೊಡಿರಿ. ಕಲ್ಲಿನ ಸಂದಿಗೆ ನಿರಪಾಯದ ಬಣ್ಣವನ್ನು ಸುರಿದು ಅದು ಯಾವ ಬಾವಿಯಲ್ಲಿ ಮೂಡುವುದೆಂದು ಕಾಯಲು ಅಪ್ಪಣೆ ಕೊಡಿರಿ.

ಇಷ್ಟೆಲ್ಲವೂ ಪ್ರತಿಷ್ಠೆಗೆ ಕುಂದೆನಿಸಿದರೆ, ಲೆಕ್ಕದ ವಹಿಯನ್ನಾದರೂ ಕಳುಹಿಸಿಕೊಡಿರಿ. ಅಳತೆಕೋಲು ತೋರಿಸಿದ ಡೀಸೆಲ್‌ಗೂ ಖಣಿಯ ಡಂಪರುಗಳಿಗೆ ತುಂಬಿಸಿದ ಡೀಸೆಲ್‌ಗೂ ನಡುವೆ ತಿಂಗಳು ತಿಂಗಳೂ ಕಡಮೆ ಬೀಳುವ ಲೀಟರುಗಳನ್ನು ಗುಮಾಸ್ತರು ‘ಆವಿಯಾದದ್ದು’ ಎಂಬ ಕಲಮಿನಲ್ಲಿ ಬರೆದಿಟ್ಟಿದ್ದರೆ, ಮುಚ್ಚಿದ ಟ್ಯಾಂಕಿನಲ್ಲಿ ಡೀಸೆಲ್ ಆವಿಯಾಗುವುದು ತೀರ ಅಲ್ಪವಾದ ಕಾರಣ, ಆ ಲೀಟರುಗಳ ಈಗಿನ ವಿಳಾಸವನ್ನು ತಾವೇ ತಿಳಿಸಬೇಕಾಗಿ ಬೇಡುವ,

ಕಾಗಿಣಾ ತೀರದ ನೀರು ಕುಡಿಯುವವ