ಕೋಟು ಕೊಟ್ಟ ತೀರ್ಪು

ಪ್ರವಾಸಕ್ಕೆ ಹೊರಡುವವರು ಊರುಗಳ ಗುಣದೋಷಗಳನ್ನು ತೂಗಿ ನೋಡಿ, ಯುಕ್ತಾಯುಕ್ತ ವಿವೇಚನೆ ಮಾಡಿ, ಅನಂತರ ಒಂದನ್ನು ಆರಿಸುತ್ತಾರೆಂಬುದು ಪ್ರವಾಸೀ ಕೈಪಿಡಿಗಳನ್ನು ಬರೆಯುವ ಮಹನೀಯರ ನಂಬಿಕೆ. ಸಂಸಾರವಂದಿಗರ ಅನುಭವ ಬೇರೆ. ಮನೆಯಲ್ಲಿ ಆರು ಜನರಿದ್ದರೆ, ಎಂದೋ ಹುಟ್ಟಿ ಎಲ್ಲಿಯೂ ಈಡೇರದೆ ಉಳಿದ ಆರು ಬಗೆಯ ಅಭಿಲಾಷೆಗಳು ಸಕಾಲವನ್ನು ಕಾಯುತ್ತ ಮೂಲೆಯಲ್ಲಿ ಕುಳಿತಿರುತ್ತವೆ. ರಜೆಯ ಸುಳಿವು ದೊರೆತೊಡನೆ ಅವು ಒಂದೊಂದು ಊರಿನ ಹೆಸರನ್ನು ಹೊದ್ದುಕೊಂಡು ನಡುಮನೆಗೆ ಬಂದು ವಾದಕ್ಕೆ ನಿಲ್ಲುತ್ತವೆ. ಮಹಾನಗರ ಶ್ರೇಷ್ಠವೋ ಪುಟ್ಟ ದ್ವೀಪ ಶ್ರೇಷ್ಠವೋ ಎಂಬ ಚರ್ಚೆ ನಮ್ಮಲ್ಲಿ ನಡೆದದ್ದೂ ಈ ಬಗೆಯದೇ.

ನಾವಿರುವುದು ಮಿಷಿಗನ್ ಸಂಸ್ಥಾನದಲ್ಲಿ, ಡಿಟ್ರಾಯಿಟ್ ನಗರದ ಹೊರವಲಯದಲ್ಲಿ. ಸೆಪ್ಟೆಂಬರಿನ ಮೊದಲನೆಯ ಸೋಮವಾರ ಇಲ್ಲಿ ಲೇಬರ್ ಡೇ, ಅರ್ಥಾತ್ ಕಾರ್ಮಿಕರ ದಿನ. ಶನಿ ಭಾನುಗಳೊಡನೆ ಸೇರಿ ಮೂರು ದಿನದ ಬಿಡುವು. ಮೈಸೂರಿನಿಂದ ಬಂದಿದ್ದ ನನ್ನ ತಂದೆತಾಯಿಗಳ ವೀಸಾದ ಅವಧಿ ಮುಗಿಯುವುದರೊಳಗೆ ಅವರನ್ನು ಎಲ್ಲಿಗಾದರೂ ಕರೆದೊಯ್ಯಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಪಶ್ಚಿಮಕ್ಕೆ ಹೊರಟರೆ ಶಿಕಾಗೋ, ಉತ್ತರಕ್ಕೆ ಹೊರಟರೆ ಮ್ಯಾಕಿನಾ ದ್ವೀಪ. ದೈವವು ಎರಡನ್ನೂ ಹೆಚ್ಚುಕಡಿಮೆ 280 ಮೈಲಿಗಳ ಸಮದೂರದಲ್ಲಿಯೇ ಇಟ್ಟಿದ್ದುದರಿಂದ, ಪೆಟ್ರೋಲಿನ ಖರ್ಚನ್ನು ಮುಂದೊಡ್ಡಿ ಯಾವ ಪಕ್ಷದ ಬಾಯನ್ನೂ ಮುಚ್ಚಿಸುವ ಹಾಗಿರಲಿಲ್ಲ.

ಶಿಕಾಗೋ ಪಕ್ಷದ ನಾಯಕರು ನನ್ನ ತಂದೆ. ನಿವೃತ್ತ ಮುಖ್ಯೋಪಾಧ್ಯಾಯರಾದ ಅವರಿಗೆ ಶಿಕಾಗೋ ಎಂದರೆ 1893ನೆಯ ಇಸವಿಯ ಸೆಪ್ಟೆಂಬರ್ 11; ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಎದ್ದು ನಿಂತ ಆ ದಿನದ ವಿನಾ ಆ ನಗರಕ್ಕೆ ಬೇರೆ ಚರಿತ್ರೆಯೇ ಇಲ್ಲ. ಸಮ್ಮೇಳನ ನಡೆದ ಕಟ್ಟಡವೇ ಇಂದಿನ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಚಿತ್ರಶಾಲೆಯೆಂದೂ, ಅದರ ಮುಂದಿನ ಬೀದಿಗೆ ಸ್ವಾಮಿಗಳ ಗೌರವನಾಮವಿದೆಯೆಂದೂ ಅವರು ಬಂದಂದಿನಿಂದ ಎಲ್ಲರಿಗೂ ತಿಳಿಸುತ್ತಿದ್ದರು. ಅವರ ಬೆಂಬಲಕ್ಕೆ ನಿಂತವಳು ನನ್ನ ಮಗಳು. ಆದರೆ ಅವಳ ಶಿಕಾಗೋ ಬೇರೆ. ವಿಲ್ಲಿಸ್ ಗೋಪುರದ 103ನೆಯ ಅಂತಸ್ತಿನಲ್ಲಿ ಗೋಡೆಯಿಂದ ಹೊರಕ್ಕೆ ಚಾಚಿದ ಗಾಜಿನ ಪೆಟ್ಟಿಗೆಯೊಂದಿದ್ದು, ಅದರೊಳಗೆ ನಿಂತು, ಕಾಲಕೆಳಗೆ ಇರುವೆಗಳಾಗಿ ಕಾಣುವ ಮೋಟಾರುಗಳ ಸಮೇತ ಸೆಲ್ಫಿ ತೆಗೆದುಕೊಳ್ಳುವುದು ಅವಳ ಜೀವಿತೋದ್ದೇಶ. ತಾತನಿಗೆ ವೇದಾಂತ, ಮೊಮ್ಮಗಳಿಗೆ ಗಾಜು. ಸಮ್ಮಿಶ್ರ ಪಕ್ಷಗಳು ಇದಕ್ಕಿಂತ ಹೆಚ್ಚಿನ ತಾತ್ತ್ವಿಕ ಐಕ್ಯವನ್ನು ಎಲ್ಲಿಯೂ ತೋರಿದ್ದಿಲ್ಲ. ನಗರದ ಪಕ್ಕದ ಸರೋವರದ ಕುಡಿಯುವ ನೀರು ಕೆಡಬಾರದೆಂದು 1900ರಲ್ಲಿ ಶಿಕಾಗೋದ ಜನರು ತಮ್ಮ ನದಿಯನ್ನೇ ಹಿಮ್ಮುಖವಾಗಿ ಹರಿಸಿದರೆಂಬ ಸಂಗತಿಯನ್ನು ತಂದೆಯವರು ಬೆಳಗಿನ ಕಾಫಿಯ ಜೊತೆಗೆ ಬಡಿಸಿದಾಗ, ನದಿಯನ್ನು ತಿರುಗಿಸಬಲ್ಲ ಆ ಪ್ರಚಂಡರಿಗೆ ಸಾಮಾನ್ಯ ಗೃಹಸ್ಥನ ಕಾರನ್ನು ನ್ಯಾಯವಾದ ದರದಲ್ಲಿ ನಿಲ್ಲಿಸಲು ನಾಲ್ಕು ಮೊಳ ಜಾಗ ಒದಗಿಸುವುದು ಏಕೆ ಸಾಧ್ಯವಾಗಲಿಲ್ಲವೆಂದು ನಾನು ಕೇಳಿದೆ. ಆ ಪ್ರಶ್ನೆಯಿಂದ ನಾನು ದ್ವೀಪದ ಪಕ್ಷದವನೆಂಬುದು ಬಯಲಾಯಿತು.

ದ್ವೀಪದ ಪಕ್ಷಕ್ಕೆ ನನ್ನ ಹೆಂಡತಿ ನಾಯಕಿ; ನಾನೂ ಮಗನೂ ಅನುಯಾಯಿಗಳು. ಮ್ಯಾಕಿನಾದಲ್ಲಿ 1898ರಲ್ಲಿಯೇ ಮೋಟಾರು ವಾಹನಗಳಿಗೆ ನಿಷೇಧ. ಆಂಬುಲೆನ್ಸ್ ಮೊದಲಾದ ತುರ್ತು ವಾಹನಗಳನ್ನು ಬಿಟ್ಟರೆ ಬೇಸಗೆಯಲ್ಲಿ ಅಲ್ಲಿ ಓಡುವುದು ಕುದುರೆಗಾಡಿ ಮತ್ತು ಸೈಕಲ್ಲು ಮಾತ್ರ. ದ್ವೀಪವನ್ನು ಸುತ್ತುವ ಸುಮಾರು ಎಂಟು ಮೈಲಿಯ ರಸ್ತೆಯು ಸರಕಾರದ ಲೆಕ್ಕದಲ್ಲಿ ಹೆದ್ದಾರಿಯೇ ಆದರೂ ಅದರ ಮೇಲೆ ಒಂದು ಕಾರೂ ಇಲ್ಲವೆಂಬುದನ್ನು ಅವಳು ಒತ್ತಿ ಒತ್ತಿ ಹೇಳಿದಳು. ತಂದೆಯವರು ಕನ್ನಡಕವನ್ನು ತೆಗೆದು ಒರೆಸಿಕೊಂಡು ಕೇಳಿದರು: “ಅದೆಲ್ಲ ಸರಿಯಮ್ಮ, ಅಲ್ಲಿ ನೋಡೋದಕ್ಕೆ ಏನಿದೆ?”

“ಏನೂ ಇಲ್ಲ ಮಾವ, ಅದಕ್ಕೇ ಹೋಗೋದು.”

ಈ ಉತ್ತರವು ನಮ್ಮ ಹಿರಿಯರ ತರ್ಕಶಾಸ್ತ್ರಕ್ಕೆ ನಿಲುಕುವಂಥದಲ್ಲ. ಅವರ ಕಾಲದಲ್ಲಿ ಮನುಷ್ಯನು ಊರು ಬಿಟ್ಟು ಹೊರಡುತ್ತಿದ್ದುದು ಪುಣ್ಯಕ್ಕೆ, ವರ್ಗವಾದುದಕ್ಕೆ, ಇಲ್ಲವೇ ಮದುವೆಯ ಊಟಕ್ಕೆ. ಹಣ ತೆತ್ತು ದೂರ ಹೋಗಿ ಏನನ್ನೂ ನೋಡದೆ ಬರುವುದೆಂದರೆ ಅದು ಒಂದೋ ಪರಮಹಂಸರ ಲಕ್ಷಣ, ಅಥವಾ ದುಂದುಗಾರರ ಲಕ್ಷಣ. ಕುದುರೆಗಾಡಿಯ ಮಾತೂ ಅವರನ್ನು ಒಲಿಸಲಿಲ್ಲ. “ಜಟಕಾ ಹತ್ತೋದಕ್ಕೆ ಅಮೆರಿಕಾಕ್ಕೆ ಬರಬೇಕಾಗಿತ್ತೇನೋ?” ಎಂದು ನನ್ನನ್ನು ಕೇಳಿದರು. ಆ ಸೋಮವಾರ ಬೆಳಿಗ್ಗೆ, 1957ರಲ್ಲಿ ತೆರೆದ ಐದು ಮೈಲಿ ಉದ್ದದ ಮ್ಯಾಕಿನಾ ಸೇತುವೆಯ ಮೇಲೆ ವಾಹನಸಂಚಾರವನ್ನು ತಡೆದು ಸಾವಿರಾರು ಜನ ನಡೆಯುವ ಸಂಪ್ರದಾಯವುಂಟೆಂದು ಹೆಂಡತಿ ಇನ್ನೊಂದು ಆಕರ್ಷಣೆಯನ್ನು ಮುಂದಿಟ್ಟಾಗ, ಅದುವರೆಗೆ ತಟಸ್ಥರಾಗಿದ್ದ ನನ್ನ ತಾಯಿ, ಮಂಡಿಯನ್ನು ನೀವಿಕೊಳ್ಳುತ್ತ, “ಕಾರಿದ್ದೂ ಕಾಲಲ್ಲಿ ಯಾಕೆ ನಡೀತಾರೆ, ಹರಕೆಯೇ?” ಎಂದುಬಿಟ್ಟರು.

ತಾಯಿಯವರ ಮತವು ನಗರಕ್ಕೂ ಅಲ್ಲ, ದ್ವೀಪಕ್ಕೂ ಅಲ್ಲ, ಅದು ಅಡಿಗೆಮನೆಗೆ. ಅನ್ನ ಮಾಡಿಕೊಳ್ಳಲು ಎಲ್ಲಿ ಅವಕಾಶವೋ ಅದೇ ಸುಕ್ಷೇತ್ರ. ಶಿಕಾಗೋದ ಹೋಟೆಲಿನ ಮೂವತ್ತನೆಯ ಅಂತಸ್ತಿನಲ್ಲಿ ಇಂಗಿನ ಒಗ್ಗರಣೆ ಹಾಕಿದರೆ ಹೊಗೆಯ ಗಂಟೆ ಬಡಿದು, ಬೆಂಕಿ ಆರಿಸುವವರು ಬಂದು, ಇಡೀ ಕಟ್ಟಡದ ಜನ ರಾತ್ರಿಯುಡುಪಿನಲ್ಲಿ ಬೀದಿಗಿಳಿಯುವರೆಂದು ತಿಳಿದಮೇಲೆ ಅವರು ಆ ನಗರದ ವಿಷಯದಲ್ಲಿ ನಿರಾಸಕ್ತರಾದರು. ದ್ವೀಪಕ್ಕೆ ದೋಣಿ ಹತ್ತುವ ಊರಿನಲ್ಲಿ ಒಲೆಯಿರುವ ಕೋಣೆ ಸಿಗುವುದೆಂದು ಗೊತ್ತಾದಾಗಲೂ ಅವರು ಸುಮ್ಮನೆ ನಂಬುವವರಲ್ಲ. ಹೋಗುವ ಊರು ಯಾವುದೆಂದು ನಿಶ್ಚಯವಾಗುವ ಮೊದಲೇ ಪುಳಿಯೋಗರೆಯ ಗೊಜ್ಜು ಎಣ್ಣೆ ಬಿಡುವ ತನಕ ಕುದಿದು, ಆರಿ, ಸ್ಟೀಲಿನ ಡಬ್ಬಿ ಸೇರಿತ್ತು. ಚಟ್ನಿಪುಡಿಯ ಡಬ್ಬಿಗೆ ದಾರ ಬಿಗಿದಾಗಿತ್ತು. ರೈಸ್ ಕುಕ್ಕರನ್ನು ದಪ್ಪ ಟವೆಲಿನಲ್ಲಿ ಸುತ್ತಿ, ಕಾರಿನ ಹಿಂದಿನ ಆಸನದಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿಯೂ ಆಗಿತ್ತು.

ಬಿಕ್ಕಟ್ಟು ಬಿಡಿಸಿದ್ದು ಒಂದು ಕೋಟು. ದ್ವೀಪದ ಗ್ರ್ಯಾಂಡ್ ಹೋಟೆಲಿನ ವಿವರಗಳನ್ನು ಹೆಂಡತಿ ಒಂದು ಸಂಜೆ ಗಟ್ಟಿಯಾಗಿ ಓದುತ್ತಿದ್ದಳು: ಕಟ್ಟಿದ್ದು 1887ರಲ್ಲಿ, ಮುಂದಣ ಜಗಲಿಯ ಉದ್ದ 660 ಅಡಿ, ಜಗತ್ತಿನಲ್ಲಿಯೇ ಅಷ್ಟು ಉದ್ದದ ಜಗಲಿ ಬೇರೆಲ್ಲಿಯೂ ಇಲ್ಲವೆಂದು ಪ್ರತೀತಿ, ಅಲ್ಲಿ ತಂಗದವರು ಒಳಹೋಗಬೇಕಾದರೆ ಶುಲ್ಕ ಕೊಡಬೇಕು. “ಜಗಲಿ ಮೇಲೆ ಕೂರೋದಕ್ಕೆ ಟಿಕೆಟ್ಟೇ?” ಎಂದು ತಂದೆಯವರು ಕುರ್ಚಿಯಿಂದ ಅರ್ಧ ಎದ್ದರು. ಅವಳು ಮುಂದಿನ ಸಾಲನ್ನು ಓದಿದಳು: ಸಂಜೆ ಆರೂವರೆಯ ಮೇಲೆ ಗಂಡಸರು ಕೋಟು ತೊಟ್ಟಿರತಕ್ಕದ್ದು. ಎದ್ದವರು ಹಾಗೆಯೇ ಕುಳಿತರು.

ತಂದೆಯವರ ಕೋಟಿನ ಪೂರ್ವೋತ್ತರವನ್ನು ಇಲ್ಲಿ ಹೇಳಬೇಕು. ಅಮೆರಿಕದ ಪ್ರಯಾಣ ಗೊತ್ತಾದಾಗ ಮೈಸೂರಿನ ಹಳೆಯ ದರ್ಜಿಯಿಂದ ಹೊಲಿಸಿ ತಂದ ಕಪ್ಪು ಉಣ್ಣೆಯ ಮುಚ್ಚುಗೊರಳಿನ ಕೋಟದು. ಅಮೆರಿಕದ ಗೃಹಸ್ಥರೆಲ್ಲ ಕೋಟಿನಲ್ಲಿಯೇ ಉಣ್ಣುತ್ತಾರೆಂಬ ಕಲ್ಪನೆಯಿಂದ ಬಂದವರಿಗೆ ಇಲ್ಲಿ ಕಂಡದ್ದು ಬ್ಯಾಂಕಿಗೂ ದೇವಸ್ಥಾನಕ್ಕೂ ಮೊಣಕಾಲಿನ ಚಡ್ಡಿಯಲ್ಲಿ ಬರುವ ಜನ. ಒಮ್ಮೆ ಕನ್ನಡ ಕೂಟದ ವನಭೋಜನಕ್ಕೆ ಧೈರ್ಯಮಾಡಿ ತೊಟ್ಟು ಹೋದಾಗ, ಊರಿನಿಂದ ಬಂದ ಮುಖ್ಯ ಅತಿಥಿಗಳೇ ಇವರೆಂದು ತಿಳಿದ ಕಾರ್ಯಕರ್ತರು ಬಿಸಿಬೇಳೆಬಾತಿನ ತಟ್ಟೆಯನ್ನು ಕೈಯಿಂದ ತೆಗೆದಿರಿಸಿ ಭಾಷಣಕ್ಕೆ ನಿಲ್ಲಿಸಿಬಿಟ್ಟರು. ಅಂದಿನಿಂದ ಕೋಟು ನುಸಿಗುಳಿಗೆಗಳ ಸಹವಾಸದಲ್ಲಿ ಪೆಟ್ಟಿಗೆಯಲ್ಲಿತ್ತು. ಈ ಖಂಡದಲ್ಲಿ ಅದನ್ನು ಕೇಳಿ ಪಡೆಯುವ ಒಂದು ಸ್ಥಳವಾದರೂ ಉಂಟೆಂದು ಕೇಳಿ ಅವರ ಮುಖದಲ್ಲಿ ಮೂಡಿದ ಕಳೆಯನ್ನು ನೋಡಿ, ಶಿಕಾಗೋ ಪಕ್ಷ ಒಡೆಯಿತೆಂದು ಮಗಳಿಗೆ ತಕ್ಷಣವೇ ಅರ್ಥವಾಯಿತು. “ವಿವೇಕಾನಂದರು, ತಾತ?” ಎಂದು ಅವಳು ಆರ್ತಳಾಗಿ ಕೇಳಿದಳು. “ಶಿಕಾಗೋ ಎಲ್ಲಿಗೆ ಹೋಗುತ್ತೆ ಮಗು, ಅಲ್ಲೇ ಇರುತ್ತೆ” ಎಂದರು.

ಹೋದೆವು. ದೋಣಿಯಿಂದಿಳಿದೊಡನೆ ಅಂಗಡಿಗಳಲ್ಲಿ ಅಮೃತಶಿಲೆಯ ಹಲಗೆಗಳ ಮೇಲೆ ಮಗುಚುತ್ತಿದ್ದ ಫಡ್ಜಿನ ಕಂಪೂ ಬೀದಿಯ ಲದ್ದಿಯ ವಾಸನೆಯೂ ಒಂದನ್ನೊಂದು ಬಿಡದೆ ನಮ್ಮನ್ನು ಎದುರುಗೊಂಡವು. ಮಕ್ಕಳು ಸೈಕಲ್ಲಿನಲ್ಲಿ ದ್ವೀಪವನ್ನು ಸುತ್ತಿದರು. ತಾಯಿಯವರು ಕುದುರೆಗಾಡಿಯಲ್ಲಿ ಕುಳಿತು ಬೆಳ್ಳಿ ಡಬ್ಬಿಯಿಂದ ಅಡಿಕೆ ಹಂಚಿದರು. ತಂದೆಯವರು ಮಾತ್ರ ಸೆಪ್ಟೆಂಬರಿನ ಬಿಸಿಲಿನಲ್ಲಿ, ಕಚ್ಚೆಪಂಚೆಯ ಮೇಲೆ ಉಣ್ಣೆಯ ಕೋಟು ತೊಟ್ಟು, ಕುತ್ತಿಗೆಯ ಗುಂಡಿಯನ್ನೂ ಸಡಿಲಿಸದೆ, ಆ ದೀರ್ಘವಾದ ಜಗಲಿಯ ತೂಗುಕುರ್ಚಿಯಲ್ಲಿ ಆರೂವರೆಯನ್ನು ನಿರೀಕ್ಷಿಸುತ್ತ ಕುಳಿತಿದ್ದರು. ನಿಯಮದಲ್ಲಿ ಕೋಟಿನ ವಿಧಿಯಿದೆಯೇ ಹೊರತು ಕಚ್ಚೆಯ ನಿಷೇಧವಿಲ್ಲವೆಂಬುದು ಅವರ ವ್ಯಾಖ್ಯಾನ. ಅದನ್ನು ಪ್ರಶ್ನಿಸುವ ಧೈರ್ಯ ಯಾರಿಗೂ ಬರಲಿಲ್ಲ. ಆರೂವರೆ ಸಮೀಪಿಸಿದಾಗ ಟೀ ಷರಟಿನ ನಾವು ಮರ್ಯಾದೆಯಾಗಿ ಎದ್ದೆವು. “ನೀವು ಹೋಗಿ ಏನಾದರೂ ತಿನ್ನಿ. ನಿಯಮ ಅಂದಮೇಲೆ ನಿಯಮ” ಎಂದು ಅವರು ನಮ್ಮನ್ನು ಸಂತೋಷದಿಂದ ಬೀಳ್ಕೊಟ್ಟರು.

ಹಿಂದಿರುಗುವ ದಾರಿಯಲ್ಲಿ, ಮುಂದಿನ ರಜೆಗೆ ಶಿಕಾಗೋವೇ ಎಂದು ಮಗಳು ವಚನ ಕೇಳಿದಳು. ತಂದೆಯವರು ಬಹಳ ಹೊತ್ತು ಯೋಚಿಸಿದರು. “ಆಗಬಹುದು. ಆದರೆ ಅಲ್ಲಿ ಕೋಟಿಲ್ಲದವರನ್ನು ಒಳಗೆ ಬಿಡದ ಜಾಗ ಯಾವುದಾದರೂ ಇದೆಯೋ, ಮೊದಲು ಅದನ್ನ ವಿಚಾರಿಸು” ಎಂದರು. ರೈಸ್ ಕುಕ್ಕರನ್ನು ಮಡಿಲಲ್ಲಿಟ್ಟುಕೊಂಡಿದ್ದ ತಾಯಿಯವರು, “ಒಲೆ ಇದೆಯೋ ಅಂತಾನೂ ಕೇಳು” ಎಂದರು.